ಎರಡು ಫೈಲು, ಒಂದೇ ಮಗು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದದ್ದು 2013ರ ಫೆಬ್ರವರಿಯಲ್ಲಿ. ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಟ್ಟುದೋಷ, ಕಾಯಿಲೆ, ಪೋಷಕಾಂಶದ ಕೊರತೆ, ಬೆಳವಣಿಗೆಯ ವಿಳಂಬ ಇವುಗಳನ್ನು ಬೇಗ ಗುರುತಿಸಿ ಉಚಿತವಾಗಿ ಚಿಕಿತ್ಸೆ ಕೊಡಿಸುವುದು ಅದರ ಗುರಿ. ಅದು ಗುರುತಿಸುವ ತೊಂದರೆಗಳ ಪಟ್ಟಿಯಲ್ಲಿ ಹೃದಯದ ಹುಟ್ಟುದೋಷವೂ ಇದೆ, ಡೌನ್ ಸಿಂಡ್ರೋಮೂ ಇದೆ. ಆಪರೇಷನ್ನನ್ನೂ ಬೆಳವಣಿಗೆಯ ಆರೈಕೆಯನ್ನೂ ಒಟ್ಟಿಗೆ ಯೋಚಿಸಿದ್ದು ಈ ಯೋಜನೆಯ ದೊಡ್ಡ ಗುಣ. ಆದರೆ ಎರಡೂ ಬೇಕಾದ ಮಗುವೊಂದು ದಕ್ಷಿಣ ಬೆಂಗಳೂರಿನ ಮನೆಯಲ್ಲಿದ್ದರೆ, ಕಾಗದದಲ್ಲಿ ಕೂಡಿಬಂದದ್ದು ನಡವಳಿಕೆಯಲ್ಲಿ ಬೇರೆಬೇರೆಯಾಗಿಯೇ ಉಳಿದಿರುವುದು ಕಾಣುತ್ತದೆ.

ಇಂಥ ಮಕ್ಕಳು ಅಪರೂಪವಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆಯೂ ಇರುತ್ತದೆ. ಹೃದಯದ ನಡುಭಾಗದಲ್ಲೇ ದೊಡ್ಡ ತೂತು ಉಳಿದಿದ್ದರೆ ಶ್ವಾಸಕೋಶಕ್ಕೆ ರಕ್ತ ಅತಿಯಾಗಿ ನುಗ್ಗಿ ಅಲ್ಲಿನ ನಾಳಗಳು ಕೆಡುತ್ತ ಹೋಗುತ್ತವೆ. ಹಾಗಾಗಿ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ನಡುವೆ ಆಪರೇಷನ್ ಮಾಡುತ್ತಾರೆ. ಕತ್ತು ನಿಲ್ಲುವುದು, ಮುಖ ನೋಡಿ ನಗುವುದು, ದನಿ ಬಂದತ್ತ ತಿರುಗುವುದು ಎಲ್ಲವೂ ನಡೆಯಬೇಕಾದ ತಿಂಗಳುಗಳೂ ಅವೇ. ಮಾಂಸಖಂಡಗಳು ಸಡಿಲವಾಗಿರುವ ಈ ಮಕ್ಕಳಿಗೆ ಆಗ ಹೊರಗಿನ ಆಸರೆ ಬೇಕು.

ಆಸರೆ ದೂರವೇನೂ ಇಲ್ಲ. ಹೃದಯಕ್ಕೆ ಜಯನಗರ 9ನೇ ಬ್ಲಾಕಿನ ಜಯದೇವ ಆಸ್ಪತ್ರೆ, ಮಕ್ಕಳ ಕಾಯಿಲೆಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಮಿದುಳು-ಮನಸ್ಸಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್, ಎಲ್ಲವೂ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಇಷ್ಟು ಹತ್ತಿರ ಇಷ್ಟು ಪರಿಣತಿ ಸಿಗುವ ಊರುಗಳು ಕಡಿಮೆ. ಆದರೂ ಹೃದಯದ ಫೈಲು ಒಂದು, ಥೆರಪಿಯ ಫೈಲು ಇನ್ನೊಂದು. ಎರಡನ್ನೂ ಕೂಡಿಸುವ ಕೆಲಸ ಬಾಣಂತನ ಮುಗಿಯದ ತಾಯಿಯ ಪಾಲಿಗೆ ಬರುತ್ತದೆ.

"ಮೊದಲು ಹೃದಯ ಸರಿಹೋಗಲಿ, ಮಿಕ್ಕಿದ್ದು ಆಮೇಲೆ ನೋಡೋಣ" ಎಂಬ ಮಾತು ಮನೆಮನೆಯಲ್ಲೂ ಕೇಳುತ್ತದೆ. ಅದರ ಹಿಂದಿನ ಭಯ ನ್ಯಾಯವಾದದ್ದೇ. ಆದರೂ ಆ ಮಾತನ್ನು ನಾನು ಒಪ್ಪಲಾರೆ. ಶ್ರವಣ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಆಪರೇಷನ್ನಿಗಾಗಿ ಕಾಯಬೇಕಿಲ್ಲ. ಮಡಿಲಲ್ಲಿ ಮಗುವನ್ನು ಯಾವ ಭಂಗಿಯಲ್ಲಿ ಹಿಡಿಯಬೇಕು, ಮುಖಕ್ಕೆ ಮುಖ ಕೊಟ್ಟು ಹೇಗೆ ಮಾತಾಡಿಸಬೇಕು ಎಂದು ಕಲಿಸುವುದಕ್ಕೆ ಹೃದಯ ಅಡ್ಡಿಯಲ್ಲ. ಮಗು ಬೆವರಿದರೆ, ಏದುಸಿರು ಬಿಟ್ಟರೆ, ತುಟಿ ನೀಲಿಯಾದರೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಬೇಕು ಎಂಬ ಎಚ್ಚರವಿದ್ದರೆ ಸಾಕು. ಇನ್ನು ಹಾಲು ಕುಡಿಸುವ ವಿಷಯದಲ್ಲಂತೂ ಎರಡು ಫೈಲೂ ಒಂದೇ ಆಗುತ್ತವೆ. ಹೃದಯದ ತೊಂದರೆಯಿರುವ ಮಗು ಚೀಪುತ್ತಲೇ ದಣಿಯುತ್ತದೆ, ತೂಕ ಏರುವುದಿಲ್ಲ. ಬಾಯಿಯ ಹಿಡಿತ ಸಡಿಲವಿದ್ದರೆ ಇನ್ನೂ ಕಷ್ಟ. ಆಪರೇಷನ್ ತಾಳಿಕೊಳ್ಳಲು ಆ ತೂಕವೇ ಬೇಕು. ಥೆರಪಿಸ್ಟ್ ಹಾಲು ಕುಡಿಸುವುದನ್ನು ಹೇಳಿಕೊಟ್ಟರೆ ಅದೇ ಆಪರೇಷನ್ನಿನ ತಯಾರಿಯೂ ಹೌದು.

ಆಪರೇಷನ್ ಆದಮೇಲೆ ಇನ್ನೊಂದು ಕೊರತೆ ಎದುರಾಗುತ್ತದೆ. ಎದೆಯ ಮೂಳೆ ಕೂಡಿಕೊಳ್ಳಲು ಸುಮಾರು ಆರು ವಾರ ಬೇಕು. ಅಲ್ಲಿಯವರೆಗೆ ಮಗುವನ್ನು ಕಂಕುಳಲ್ಲಿ ಕೈಕೊಟ್ಟು ಎತ್ತಬಾರದು. ಒಂದು ಕೈ ತಲೆಯಡಿ, ಇನ್ನೊಂದು ಕುಂಡೆಯಡಿ ಇಟ್ಟು ಎತ್ತಬೇಕು. ನಮ್ಮ ಮನೆಗಳಲ್ಲಿ ಅಜ್ಜಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಕೈಕಾಲು ನೀವಿ, ಹಾಡುತ್ತ ನೀರು ಹಾಕುತ್ತಾರೆ. ಸ್ಪರ್ಶ, ದನಿ, ಚಲನೆ ಎಲ್ಲವೂ ಇರುವ ಈ ಪದ್ಧತಿಯೇ ಬೆಳವಣಿಗೆಗೆ ಒಳ್ಳೆಯ ಆಸರೆ. ಆದರೆ ಬೋರಲು ಮಲಗಿಸುವುದು, ತೋಳೆಳೆಯುವುದು ಈ ವಾರಗಳಲ್ಲಿ ಬೇಡ, ಮತ್ತೆ ಯಾವಾಗ ಶುರುಮಾಡಬಹುದು ಎಂಬುದನ್ನು ಸರ್ಜನ್ ಹೇಳಬೇಕು. ನಾನು ಕಂಡ ಮನೆಗಳಲ್ಲಿ ಔಷಧಿಯ ಪಟ್ಟಿ ಅಪ್ಪ-ಅಮ್ಮನ ಕೈ ಸೇರಿತ್ತು. ಮಗುವನ್ನು ದಿನವೂ ಎತ್ತಾಡಿಸುವ ಅಜ್ಜಿಗೆ ಯಾರೂ ಏನೂ ಹೇಳಿರಲಿಲ್ಲ.

ಯೋಜನೆಯ ಅಳತೆಯೂ ಇಲ್ಲಿಗೆ ಹೊಂದುವುದಿಲ್ಲ. ಫಿಸಿಯೋಥೆರಪಿ, ಮಾತು, ಶ್ರವಣ, ಮನಶ್ಶಾಸ್ತ್ರದ ಪರಿಣತರನ್ನು ಒಂದೆಡೆ ಕೂರಿಸುವ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಒಳ್ಳೆಯ ಕಲ್ಪನೆ, ಆದರೆ ಅದರ ಲೆಕ್ಕ ಜಿಲ್ಲೆಗೊಂದು. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಸುಮಾರು 5.5 ಲಕ್ಷ, ಬೆಂಗಳೂರು ನಗರ ಜಿಲ್ಲೆಯದ್ದು ಸುಮಾರು 96 ಲಕ್ಷ. ಎರಡಕ್ಕೂ ಒಂದೇ ಲೆಕ್ಕ ಹೇಗೆ ಸರಿ? ತಪಾಸಣೆ ನಡೆಯುವುದು ಸರ್ಕಾರಿ ಹೆರಿಗೆ ಆಸ್ಪತ್ರೆ, ಆಶಾ ಕಾರ್ಯಕರ್ತೆಯ ಮನೆಭೇಟಿ, ಅಂಗನವಾಡಿ, ಸರ್ಕಾರಿ ಶಾಲೆಗಳ ಮೂಲಕ. ಜೆ.ಪಿ. ನಗರದ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹುಟ್ಟಿ, ಬಾಣಂತನಕ್ಕೆ ಅಮ್ಮನ ತವರಿಗೆ ಹೋದ ಮಗು ಈ ದಾರಿಯಲ್ಲಿ ಸಿಗುವುದೇ ಕಷ್ಟ.

ಕೇಂದ್ರಗಳು ಹೆಚ್ಚಲು ಹಣ ಬೇಕು, ಕಾಲ ಬೇಕು. ಅಲ್ಲಿಯವರೆಗೆ ಎರಡು ಕೆಲಸ ಇವತ್ತೇ ಆಗಬಹುದು. ಆಪರೇಷನ್ನಿಗೆ ದಿನ ಗೊತ್ತುಮಾಡುವ ಚೀಟಿಯಲ್ಲೇ ಥೆರಪಿಯ ಮೊದಲ ಭೇಟಿಯ ದಿನವನ್ನೂ ಬರೆಯಬೇಕು. ಡಿಸ್ಚಾರ್ಜ್ ಕಾಗದದಲ್ಲಿ, ಯಾವ ಭಂಗಿ ಯಾವತ್ತಿನಿಂದ ಸರಿ ಎಂದು ಸರ್ಜನ್ ಥೆರಪಿಸ್ಟಿಗೂ ಮನೆಯವರಿಗೂ ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕು. ಯಶಸ್ಸಿನ ಲೆಕ್ಕದಲ್ಲಿ ಎಷ್ಟು ಹೃದಯ ಸರಿಹೋದವು ಎಂಬುದರ ಪಕ್ಕದಲ್ಲೇ, ಆ ಮಕ್ಕಳಲ್ಲಿ ಎಷ್ಟು ಮಂದಿಗೆ ಆಪರೇಷನ್ನಿಗೂ ಮೊದಲೇ ಥೆರಪಿ ಸಿಕ್ಕಿತು ಎಂಬುದನ್ನೂ ಬರೆಯುವವರೆಗೆ ಈ ಒಳ್ಳೆಯ ಯೋಜನೆಯನ್ನು ಅರ್ಧ ಗೆದ್ದದ್ದು ಎಂದೇ ನಾನು ಕರೆಯುತ್ತೇನೆ.