ವರಾನ್ವೇಷಣೆಯ ಧಾರಾವಾಹಿಯೂ ಪ್ರೇಕ್ಷಕರ ತೀರ್ಪೂ

ಒಂದು ಕೃತಿಯನ್ನು ಕುರಿತು ಜನರಾಡುವ ಮಾತಿನಿಂದ ಕೃತಿಯ ಯೋಗ್ಯತೆ ಎಷ್ಟು ತಿಳಿಯುವುದೋ ಅದಕ್ಕಿಂತ ಮಿಗಿಲಾಗಿ ಆಡಿದವರ ಮನೋಧರ್ಮ ತಿಳಿಯುವುದುಂಟು. 2020ನೆಯ ಇಸವಿಯ ಜುಲೈ 26ರಂದು ಬ್ರಿಟನ್ನಿನ ಬಿ.ಬಿ.ಸಿ. ವಾಹಿನಿಯಲ್ಲಿ ಮೊದಲುಗೊಂಡು, ಅದೇ ವರ್ಷದ ಅಕ್ಟೋಬರಿನಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಭಾರತದ ಮನೆಗಳನ್ನು ತಲುಪಿದ ‘ಎ ಸೂಟಬಲ್ ಬಾಯ್’ ಎಂಬ ಆರು ಕಂತುಗಳ ಧಾರಾವಾಹಿಯ ವಿಷಯದಲ್ಲಿ ಈ ಮಾತು ಚೆನ್ನಾಗಿ ಸಲ್ಲುತ್ತದೆ. ವಿಕ್ರಮ್ ಸೇಠ್ ಅವರು 1993ರಲ್ಲಿ ಪ್ರಕಟಿಸಿದ, 1300 ಪುಟಗಳನ್ನು ಮೀರಿದ ಇಂಗ್ಲಿಷ್ ಕಾದಂಬರಿಯೇ ಇದರ ಮೂಲ. ಪ್ರಧಾನ ನಿರ್ದೇಶನ ಮೀರಾ ನಾಯರ್ ಅವರದು. ಚಿತ್ರಕಥೆ ಬರೆದವರು ವೇಲ್ಸ್ ನಾಡಿನ ಆಂಡ್ರ್ಯೂ ಡೇವಿಸ್. ಕಾಲ 1951–52, ಸ್ಥಳ ಉತ್ತರ ಭಾರತದ ಬ್ರಹ್ಮಪುರವೆಂಬ ಕಲ್ಪಿತ ನಗರ. ದೇಶವು ಮೊದಲ ಮಹಾಚುನಾವಣೆಯ ಹೊಸ್ತಿಲಲ್ಲಿದೆ, ಜಮೀನ್ದಾರಿ ಪದ್ಧತಿ ಕೊನೆಯುಸಿರೆಳೆಯುತ್ತಿದೆ. ಇವುಗಳ ನಡುವೆ ರೂಪಾ ಮೆಹ್ರಾ ಎಂಬ ವಿಧವೆಯು ಕಿರಿಯ ಮಗಳಾದ ಲತಾಳಿಗೆ ತಕ್ಕ ವರನನ್ನು ಅರಸುತ್ತಾಳೆ. ಕನ್ಯೆಯ ಮುಂದೆ ಮೂವರು ನಿಲ್ಲುತ್ತಾರೆ. ಅವಳೇ ಮೆಚ್ಚಿದ ವಿದ್ಯಾರ್ಥಿ ಕಬೀರ್ ದುರ್ರಾನಿ ಒಬ್ಬ. ಕಲ್ಕತ್ತೆಯ ಕವಿ ಅಮಿತ್ ಚಟರ್ಜಿ ಇನ್ನೊಬ್ಬ. ತಾಯಿ ಹುಡುಕಿ ತಂದ, ಪಾದರಕ್ಷೆಯ ಉದ್ಯಮದಲ್ಲಿರುವ ಹರೇಶ್ ಖನ್ನಾ ಮೂರನೆಯವನು. ಕೊನೆಗೆ ಅವಳು ಕೈಹಿಡಿಯಲು ಒಪ್ಪುವುದು ಹರೇಶನನ್ನು.

ಪ್ರೇಕ್ಷಕರ ನಡುವೆ ಎದ್ದ ಮೊದಲ ಆಕ್ಷೇಪ ಭಾಷೆಯದು. ತಾಯಿ ಮಗಳು ತಮ್ಮ ಮನೆಯ ನಡುಮನೆಯಲ್ಲಿ, ಕೇಳುವವರು ಬೇರೆ ಯಾರೂ ಇಲ್ಲದಿರುವಾಗಲೂ, ಇಂಗ್ಲಿಷಿನಲ್ಲಿಯೇ ಮಾತನಾಡುತ್ತಾರೆ. ಭಾರತೀಯ ಪ್ರೇಕ್ಷಕರಿಗೆ ಇದು ಕಿರಿಕಿರಿಯಾದದ್ದು ಸಹಜ. ಪುಸ್ತಕದಲ್ಲಿ ಇದೇ ಸಂಭಾಷಣೆಯನ್ನು ಓದುವವನು ಅದನ್ನು ಮನಸ್ಸಿನೊಳಗೆ ಹಿಂದಿಯಾಗಿಯೋ ಉರ್ದುವಾಗಿಯೋ ಕೇಳಿಸಿಕೊಳ್ಳಬಲ್ಲ; ತೆರೆಯ ಮೇಲೆ ಕಿವಿಗೆ ಆ ಸ್ವಾತಂತ್ರ್ಯವಿಲ್ಲ. ತಬು ಅಭಿನಯಿಸಿದ ಸಯೀದಾ ಬಾಯಿಯ ಗಜಲುಗಳು ಕೇಳಿಬಂದಾಗ ಮಾತ್ರ ಆ ಕಾಲದ ಉಸಿರು ನಿಜವಾಗಿ ಬಂದಂತಾಗುತ್ತದೆ. ಬ್ರಿಟಿಷ್ ಪ್ರೇಕ್ಷಕರಲ್ಲಿ ಹಲವರು, ಬಿಳಿಯರಿಲ್ಲದ ಪಾತ್ರವರ್ಗವೊಂದು ತಮ್ಮ ವಾಹಿನಿಯ ಐತಿಹಾಸಿಕ ನಾಟಕದಲ್ಲಿ ಕಾಣಿಸಿಕೊಂಡಿತೆಂದು ಸಂತೋಷಪಟ್ಟರು. ಡೇವಿಸ್ ಅವರು 1995ರಲ್ಲಿ ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯನ್ನು ಧಾರಾವಾಹಿಯಾಗಿಸಿದ್ದವರಾದ್ದರಿಂದ, ಇದನ್ನು ಸೀರೆಯುಟ್ಟ ಆಸ್ಟಿನ್ ಎಂದು ನೋಡಿದವರೂ ಇದ್ದರು. ಈ ಚರ್ಚೆಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ಗಮನಿಸಬೇಕಾದ ವಿಚಿತ್ರ ಬೇರೊಂದಿದೆ. ಅದೇ ಜುಲೈ ತಿಂಗಳ 16ರಂದು ನೆಟ್‌ಫ್ಲಿಕ್ಸಿನಲ್ಲಿ ‘ಇಂಡಿಯನ್ ಮ್ಯಾಚ್‌ಮೇಕಿಂಗ್’ ಎಂಬ ಕಾರ್ಯಕ್ರಮ ಬಿಡುಗಡೆಯಾಗಿತ್ತು. ಮುಂಬಯಿಯ ಸೀಮಾ ತಪಾರಿಯಾ ಅವರು ಭಾರತದಲ್ಲಿಯೂ ಅಮೆರಿಕದಲ್ಲಿಯೂ ಶ್ರೀಮಂತ ಮನೆಗಳಿಗೆ ಸಂಬಂಧ ಕುದುರಿಸಲು ಓಡಾಡುವುದೇ ಅದರ ವಸ್ತು. ಎತ್ತರ, ಮೈಬಣ್ಣ, ಜಾತಿ, ಹೊಂದಾಣಿಕೆಯ ಗುಣ ಎಂದು ಅವರು ಬಿಚ್ಚುಮಾತಿನಲ್ಲಿ ಎಣಿಸಿದಾಗ, ಇದು ಪ್ರತಿಗಾಮಿ ವಿಚಾರವೆಂದು ಪ್ರೇಕ್ಷಕರು ಕೆರಳಿದರು. ರೂಪಾ ಮೆಹ್ರಾ ಮಾಡುವುದಾದರೂ ಏನು? ವರನು ಖತ್ರಿ ಕುಲದವನೇ ಆಗಬೇಕು, ಸಂಪಾದನೆ ಇರಬೇಕು, ಮನೆತನ ತಿಳಿದಿರಬೇಕು. ಅದನ್ನೇ ಎಪ್ಪತ್ತು ವರ್ಷ ಹಿಂದಕ್ಕೆ ಒಯ್ದು, ಹಳೆಯ ಮೋಟಾರು, ನದಿಯ ಘಟ್ಟ, ಕೈಮಗ್ಗದ ಸೀರೆಗಳ ನಡುವೆ ಇರಿಸಿದಾಗ ಎಷ್ಟು ಮನೋಹರವೆಂದು ಮೆಚ್ಚುಗೆ ಬಂದಿತು. ಕಾಲದ ದೂರವು ದೋಷವನ್ನು ತೊಳೆಯುವುದಿಲ್ಲ. ಬಣ್ಣ ಬಳಿಯುತ್ತದೆ ಅಷ್ಟೆ.

ನವೆಂಬರಿನಲ್ಲಿ ವಿವಾದವೊಂದು ಎದ್ದಿತು. ಲತಾ ಮತ್ತು ಕಬೀರ್ ಚುಂಬಿಸುವ ದೃಶ್ಯವೊಂದನ್ನು ಮಧ್ಯಪ್ರದೇಶದ ಮಹೇಶ್ವರದಲ್ಲಿ, ನರ್ಮದಾ ತೀರದ ದೇವಾಲಯದ ಆವರಣದಲ್ಲಿ ಚಿತ್ರೀಕರಿಸಲಾಗಿತ್ತು. ಇದರಿಂದ ಧಾರ್ಮಿಕ ಭಾವನೆಗೆ ಧಕ್ಕೆಯಾಯಿತೆಂದು ರೀವಾ ನಗರದಲ್ಲಿ ದೂರು ದಾಖಲಾಗಿ, ನೆಟ್‌ಫ್ಲಿಕ್ಸಿನ ಇಬ್ಬರು ಅಧಿಕಾರಿಗಳನ್ನು ಅದರಲ್ಲಿ ಹೆಸರಿಸಲಾಯಿತು. ಈ ದೂರಿನಲ್ಲಿ ಎರಡು ಬೇರೆಬೇರೆ ಸಂಗತಿಗಳು ಒಂದೇ ಹಗ್ಗದಲ್ಲಿ ಹೊಸೆದುಕೊಂಡಿದ್ದವು. ದೇವಾಲಯದ ಆವರಣದಲ್ಲಿ ಯಾವುದು ನಡೆಯಬಹುದು, ಯಾವುದು ನಡೆಯಬಾರದು ಎಂಬುದು ಒಂದು ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ. ಹುಡುಗ ಮುಸಲ್ಮಾನನೆಂಬುದು ಇನ್ನೊಂದು. ಅದು ಪ್ರಶ್ನೆಯಲ್ಲ, ದ್ವೇಷಕ್ಕೆ ಸಿಕ್ಕ ನೆವ. ಮೊದಲನೆಯದಕ್ಕೆ ಉತ್ತರ ಕೊಡಬೇಕಾದದ್ದು ಕ್ಯಾಮೆರಾ ಒಳಗೆ ಬರುವ ಮುನ್ನ, ಅನುಮತಿಪತ್ರದ ಷರತ್ತಿನಲ್ಲಿ. ಚಿತ್ರೀಕರಣಕ್ಕೆ ಆವರಣವನ್ನು ಕೊಡುವ ಯಾವ ಆಡಳಿತ ಮಂಡಳಿಯೇ ಆಗಲಿ, ದೃಶ್ಯದ ವಿವರವನ್ನು ಬರಹದಲ್ಲಿ ಪಡೆಯದೆ ಸಹಿ ಹಾಕಿದರೆ ಆಮೇಲಿನ ಕೋಪಕ್ಕೆ ಬೆಲೆ ಕಡಮೆ.

ಇನ್ನು ಮುಖ್ಯ ವಿಷಯ. ಲತಾ ಹರೇಶನನ್ನು ಆರಿಸಿದ್ದು ಪ್ರೇಕ್ಷಕರಲ್ಲಿ ಅನೇಕರಿಗೆ ಒಪ್ಪಿಗೆಯಾಗಲಿಲ್ಲ. ಪ್ರೀತಿ ಸೋತಿತು, ತಾಯಿ ಗೆದ್ದಳು ಎಂದು ಮರುಗಿದರು. ಕೆಲವರಿಗಂತೂ ಹರೇಶನ ವೇಷವೇ ನಗೆಗೀಡಾಯಿತು: ಬಾಯಿತುಂಬ ಪಾನು, ಎರಡು ಬಣ್ಣದ ಬೂಟು, ಅತಿಯಾದ ಆತ್ಮವಿಶ್ವಾಸ. ಪ್ರೇಕ್ಷಕರನ್ನಷ್ಟೇ ದೂರುವುದು ಸರಿಯಲ್ಲ, ಏಕೆಂದರೆ ಆರು ಗಂಟೆಗಳ ಅವಧಿಗೆ ಕಾದಂಬರಿಯನ್ನು ಕತ್ತರಿಸುವಾಗ ಹರೇಶನ ದುಡಿಮೆಯ ಭಾಗವೇ ಹೆಚ್ಚು ಸವೆದುಹೋಗಿದೆ. ಕಾದಂಬರಿಯಲ್ಲಿ ಅವನು ಇಂಗ್ಲೆಂಡಿನಲ್ಲಿ ಪಾದರಕ್ಷೆಯ ವಿದ್ಯೆ ಕಲಿತು ಬಂದವನು. ಕಾನ್‌ಪುರದ ಕಂಪನಿಯಲ್ಲಿ ಮನಸ್ತಾಪವಾದಾಗ ಕೆಲಸ ಬಿಡುತ್ತಾನೆ. ಕಲ್ಕತ್ತೆಯ ಬಳಿ ಚೆಕ್ ದೇಶದವರು ನಡೆಸುವ ದೊಡ್ಡ ಕಾರ್ಖಾನೆಯಲ್ಲಿ ತಾನು ಬಯಸಿದ್ದಕ್ಕಿಂತ ಕೆಳಗಿನ ಸ್ಥಾನವನ್ನು ಒಪ್ಪಿಕೊಂಡು, ಕೆಲಸದ ಬಲದಿಂದಲೇ ಮೇಲೇಳಲು ತೊಡಗುತ್ತಾನೆ. ಸಿಮ್ರನ್ ಎಂಬ ಸಿಖ್ ಕನ್ಯೆಯನ್ನು ತಾನು ಪ್ರೀತಿಸಿದ್ದನ್ನೂ, ಅವಳ ಮನೆಯವರ ವಿರೋಧದಿಂದ ಅದು ಕೈಗೂಡದೆ ಹೋದದ್ದನ್ನೂ ಅವನು ಬಚ್ಚಿಡುವುದಿಲ್ಲ. ಪಾಲುದಾರಿಕೆಗೆ ಕೂಡುವ ಮುನ್ನ ಹಳೆಯ ಸಾಲವನ್ನು ತಾನಾಗಿಯೇ ಖಾತೆಯಲ್ಲಿ ತೋರಿಸುವ ವ್ಯಾಪಾರಿಯನ್ನು ಪೇಟೆ ನಂಬುತ್ತದೆ. ಲತಾಳ ಕಣ್ಣಿಗೆ ಬಿದ್ದದ್ದು ಈ ಪ್ರಾಮಾಣಿಕತೆ. ಧಾರಾವಾಹಿಯ ಕ್ಯಾಮೆರಾದ ಕಣ್ಣಿಗೆ ಬಿದ್ದದ್ದು ಎರಡು ಬಣ್ಣದ ಬೂಟು.

ವಿದ್ಯಾವಂತ ಪ್ರೇಕ್ಷಕರ ತಿರಸ್ಕಾರದಲ್ಲಿ ಇನ್ನೊಂದು ಪದರವಿದೆ. ಕವಿಗಿಂತ, ಕ್ರಿಕೆಟ್ ಆಡುವ ಸುಂದರನಿಗಿಂತ, ಬೂಟು ಮಾಡಿಸುವವನು ಕೀಳೆಂಬ ಎಣಿಕೆ ಅದು. ಕಥೆಯೊಳಗೆಯೇ ಲತಾಳ ಅಣ್ಣ ಅರುಣ್, ಕಲ್ಕತ್ತೆಯ ಇಂಗ್ಲಿಷ್ ಕಂಪನಿಯ ನೌಕರ, ಹರೇಶನನ್ನು ಇದೇ ಕಣ್ಣಿನಿಂದ ನೋಡುತ್ತಾನೆ. ಕಥೆಗಾರನು ಅರುಣನನ್ನು ಹಾಸ್ಯಮಾಡಿದ್ದಾನೆ. ಪ್ರೇಕ್ಷಕನು ನಕ್ಕು, ಮರುಗಳಿಗೆಯಲ್ಲಿ ಅರುಣನ ಪಕ್ಕದಲ್ಲಿಯೇ ಹೋಗಿ ಕುಳಿತಿದ್ದಾನೆ.

ಚರ್ಮದ ವಿಷಯ ಬಂದಾಗ ಜೈನ ಮನೆಗಳ ಓದುಗರಿಗೆ ಸಂಕೋಚವಾಗುವುದು ಸಹಜವೇ. ಅಹಿಂಸಾಣುವ್ರತವನ್ನು ನಂಬಿದ ಮನೆತನದಲ್ಲಿ ಹರೇಶನ ಜಾತಕ ಮೊದಲ ದಿನವೇ ಹಿಂದಿರುಗುತ್ತಿತ್ತು; ಹಿಂದಿರುಗುವುದು ತಪ್ಪೂ ಅಲ್ಲ. ಆದರೆ ಪ್ರಾಣಿಹಿಂಸೆಯ ಕಾರಣಕ್ಕೆ ಒಂದು ವೃತ್ತಿಯಿಂದ ದೂರವಿರುವುದು ಬೇರೆ, ಆ ವೃತ್ತಿಯವನ ಮೈಯೇ ಅಶುದ್ಧವೆಂದು ಸರಿಯುವುದು ಬೇರೆ. ಕಾದಂಬರಿಯ ಖತ್ರಿ ಬಂಧುಗಳಿಗೆ ಹಸುವಿನ ಬಗ್ಗೆ ಕನಿಕರವಿಲ್ಲ. ಚಮ್ಮಾರನ ಬಗ್ಗೆ ಜುಗುಪ್ಸೆ ಇದೆ. ಹರೇಶನು ಹದಗೊಳಿಸುವ ತೊಟ್ಟಿಗಳ ದುರ್ಗಂಧದ ನಡುವೆ ನಿಂತು, ಬೂಟು ಹೊಲಿಯುವ ಜಗತ್ ರಾಮನೊಡನೆ ಸಮಾನನಾಗಿ ವ್ಯವಹರಿಸುತ್ತಾನೆ. ವೃತ್ತಿಯನ್ನು ಒಪ್ಪದವರೂ ಈ ನಡತೆಯನ್ನು ಒಪ್ಪಬೇಕಾಗುತ್ತದೆ. ವ್ರತವನ್ನು ಮುಂದಿಟ್ಟುಕೊಂಡು ಅದರ ಹಿಂದೆ ಜಾತಿಯ ಹೇವರಿಕೆಯನ್ನು ಅಡಗಿಸಿಡುವ ಅಭ್ಯಾಸ ಮೆಹ್ರಾ ಬಂಧುಗಳಿಗಷ್ಟೇ ಸೀಮಿತವಾದದ್ದಲ್ಲ.

ತಾಯಿಯನ್ನೂ ಪ್ರೇಕ್ಷಕರು ಸುಲಭವಾಗಿ ತೂಗಿಬಿಟ್ಟರು. ಅಳುಬುರುಕಿ, ಮಗಳ ಸುಖಕ್ಕೆ ಅಡ್ಡಬಂದವಳು ಎಂದರು. ಮಗಳಿಗೆ ಪ್ರೀತಿಸಿದ ಹುಡುಗನನ್ನು ಮರೆಯಬೇಕೆಂದು ಕಣ್ಣೀರಿನ ಒತ್ತಾಯ ಹೇರಿದ್ದು ನಿಜವಾಗಿಯೂ ತಪ್ಪೇ. ಅವಳನ್ನು ಕಲ್ಕತ್ತೆಗೆ ಕರೆದೊಯ್ದದ್ದು ಬೇರ್ಪಡಿಸಲೆಂದೇ. ಅದನ್ನು ಮುಚ್ಚಿ ಮಾತನಾಡಬೇಕಾಗಿಲ್ಲ. ಆದರೆ ಆಕೆಯ ಆತುರದ ಹಿಂದೆ ಇದ್ದ ಲೆಕ್ಕವನ್ನೂ ನೋಡಬೇಕು. ಗಂಡ ರೈಲ್ವೆಯ ಅಧಿಕಾರಿಯಾಗಿದ್ದು ಅಕಾಲದಲ್ಲಿ ತೀರಿಕೊಂಡವನು. 1937ರ ಕಾಯಿದೆ ಹಿಂದೂ ವಿಧವೆಗೆ ಗಂಡನ ಸ್ವಂತ ಆಸ್ತಿಯಲ್ಲಿ ಮಗನಿಗೆ ಸಮನಾದ ಭಾಗ ಕೊಟ್ಟಿತ್ತು, ಆದರೆ ಜೀವಿತಾವಧಿಯ ಮಿತ ಹಕ್ಕಾಗಿ ಮಾತ್ರ. ಸ್ತ್ರೀಗೆ ಪೂರ್ಣ ಒಡೆತನ ಬಂದದ್ದು 1956ರ ಉತ್ತರಾಧಿಕಾರ ಕಾಯಿದೆಯಿಂದ. ರೂಪಾ ಮೆಹ್ರಾ ಮಕ್ಕಳ ಮನೆ, ಬಂಧುಗಳ ಮನೆ ಎಂದು ರೈಲಿನಲ್ಲಿ ತಿರುಗುತ್ತ, ಬಂದ ಶುಭಾಶಯ ಪತ್ರಗಳ ಚಿತ್ರವನ್ನು ಕತ್ತರಿಸಿ ಹೊಸ ಪತ್ರಕ್ಕೆ ಅಂಟಿಸುವ ಮಿತವ್ಯಯಿ. ಗಂಡ ಗಳಿಸಿದ್ದ ಚಿನ್ನದ ಪದಕವೊಂದನ್ನು ಸೊಸೆ ಮೀನಾಕ್ಷಿ ಕರಗಿಸಿ ಕಿವಿಯೋಲೆ ಮಾಡಿಸಿಕೊಂಡಾಗ ಆಕೆಯ ಕೈಯಲ್ಲಿ ಉಳಿದದ್ದೇನು? ಇಂಥವಳು ಮಗಳ ಮದುವೆಯನ್ನು ಬೇಗ ಮುಗಿಸಬೇಕೆಂದರೆ ಅದು ಹಟ ಮಾತ್ರವಲ್ಲ, ಭಯ.

ಕಬೀರನಿಗಾಗಿ ಹಳಹಳಿಸಿದವರು ಅಂದಿನ ವಿವಾಹ ಕಾನೂನನ್ನು ಒಮ್ಮೆ ತೆರೆದು ನೋಡಬೇಕಿತ್ತು. 1951ರಲ್ಲಿ ಜಾರಿಯಲ್ಲಿದ್ದುದು 1872ರ ವಿಶೇಷ ವಿವಾಹ ಕಾಯಿದೆ. ಅದರಡಿಯಲ್ಲಿ ಮದುವೆಯಾಗುವವರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಯೆಹೂದ್ಯ, ಪಾರ್ಸಿ, ಬೌದ್ಧ, ಸಿಖ್, ಜೈನ ಈ ಯಾವ ಧರ್ಮವನ್ನೂ ಅನುಸರಿಸುವವರಲ್ಲವೆಂದು ಘೋಷಿಸಬೇಕಿತ್ತು. 1923ರ ತಿದ್ದುಪಡಿಯು ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮತಮ್ಮೊಳಗೆ ಈ ನಿರಾಕರಣೆ ಇಲ್ಲದೆ ಮದುವೆಯಾಗಲು ಎಡೆಮಾಡಿಕೊಟ್ಟಿತು. ಹಿಂದೂ ಕನ್ಯೆಗೂ ಮುಸ್ಲಿಂ ವರನಿಗೂ ಆ ಬಾಗಿಲು ತೆರೆಯಲಿಲ್ಲ. ಲತಾ ಮತ್ತು ಕಬೀರ್ ಇಬ್ಬರೂ ತಮ್ಮ ಧರ್ಮವನ್ನು ಕಾಗದದ ಮೇಲೆ ತೊರೆಯಬೇಕಿತ್ತು, ಇಲ್ಲವೆ ಒಬ್ಬರು ಮತಾಂತರಗೊಳ್ಳಬೇಕಿತ್ತು. ಧರ್ಮವನ್ನು ಬಿಡದೆಯೇ ಮದುವೆಯಾಗುವ ಅವಕಾಶ ಬಂದದ್ದು 1954ರ ಕಾಯಿದೆಯಲ್ಲಿ, ಕಥೆ ಮುಗಿದ ಎರಡು ವರ್ಷಗಳ ಬಳಿಕ. ಆದ್ದರಿಂದ ಲತಾಳ ಮುಂದಿದ್ದ ಮೂರು ದಾರಿಗಳು ಸಮನಾಗಿ ತೆರೆದಿದ್ದವೆಂದು ಭಾವಿಸಿ ಅವಳ ಆಯ್ಕೆಯನ್ನು ಅಳೆಯುವುದು ನ್ಯಾಯವಲ್ಲ. ಅವಳು ಸ್ವತಂತ್ರಳಾಗಿಯೇ ಆರಿಸಿದಳು ಎಂದು ಹೊಗಳಿದವರೂ, ಅಂಜಿ ಶರಣಾದಳು ಎಂದು ತೆಗಳಿದವರೂ ಈ ಒಂದು ಸಂಗತಿಯನ್ನು ಬಿಟ್ಟು ಮಾತನಾಡಿದ್ದಾರೆ. ಧಾರಾವಾಹಿಯೂ ಕಬೀರನ ಅಡ್ಡಿಯನ್ನು ತಾಯಿಯ ಕಣ್ಣೀರಿಗಷ್ಟೇ ಒಪ್ಪಿಸಿದ್ದು ಅದರ ದೊಡ್ಡ ಕೊರತೆ.

ಸಂಬಂಧ ಕುದುರಿಸುವ ಪದ್ಧತಿಯ ಪರೀಕ್ಷೆ ಇರುವುದು ಕನ್ಯೆಯ ‘ಒಲ್ಲೆ’ ಎಂಬ ಮಾತಿಗೆ ಎಷ್ಟು ಬೆಲೆ ಎಂಬಲ್ಲಿ. ಲತಾ ಅಮಿತನಿಗೆ ಒಲ್ಲೆ ಎನ್ನುತ್ತಾಳೆ, ಯಾರೂ ಅವಳನ್ನು ಬೈಯುವುದಿಲ್ಲ. ಹರೇಶನಿಗೂ ಬಹುಕಾಲ ಉತ್ತರ ಕೊಡದೆ ಕಾಯಿಸುತ್ತಾಳೆ; ಪತ್ರಗಳು ಹೋಗಿ ಬರುತ್ತವೆ. ಒಂದು ಸಲ ಅವಳು ಆಡಿದ ಒಂದೇ ಪದಕ್ಕೆ ಅವನು ಮುನಿದು, ಸಂಬಂಧ ಮುರಿಯುವ ಅಂಚಿಗೂ ಬರುತ್ತದೆ. ಇಷ್ಟು ಅವಕಾಶ 1951ರಲ್ಲಿ ಎಷ್ಟು ಕನ್ಯೆಯರಿಗಿತ್ತು? ಇಂದಾದರೂ ವಧೂವರರ ಸಮಾವೇಶಗಳ ಅರ್ಜಿಯಲ್ಲಿ ಎತ್ತರ, ಬಣ್ಣ, ವರಮಾನಗಳಿಗೆ ಅಂಕಣವಿರುತ್ತದೆ. ಕನ್ಯೆ ವರನನ್ನು ಕೇಳಬಯಸುವ ಪ್ರಶ್ನೆಗೆ ಅಂಕಣವಿರುವುದು ಅಪರೂಪ.

ಹರೇಶನನ್ನು ಆರಿಸಿ ಲತಾ ತನ್ನ ಬದುಕನ್ನು ಮುಚ್ಚಿಕೊಂಡಳೆಂಬ ತೀರ್ಪಿಗೆ ಕಾದಂಬರಿಯ ಹೊರಗೂ ಒಂದು ಉತ್ತರವಿದೆ. ಹರೇಶನ ಪಾತ್ರಕ್ಕೆ ಪ್ರೇರಣೆ ಲೇಖಕರ ತಂದೆ ಪ್ರೇಮ್ ಸೇಠ್ ಅವರೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅವರು ಬಾಟಾ ಕಂಪನಿಯಲ್ಲಿದ್ದವರು. ಪತ್ನಿ ಲೀಲಾ ಸೇಠ್, ರೈಲ್ವೆ ನೌಕರರ ಮಗಳು, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡವರು. ಪತಿಯ ಉದ್ಯೋಗದ ನಿಮಿತ್ತ ಲಂಡನ್ನಿನಲ್ಲಿದ್ದಾಗ, ಮಕ್ಕಳ ತಾಯಿಯಾಗಿದ್ದುಕೊಂಡೇ ಕಾನೂನು ಓದಿ, 1958ರ ಬ್ಯಾರಿಸ್ಟರ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. 1991ರಲ್ಲಿ ಹಿಮಾಚಲ ಪ್ರದೇಶದ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದರು. ಭಾರತದ ರಾಜ್ಯವೊಂದರ ಉಚ್ಚ ನ್ಯಾಯಾಲಯಕ್ಕೆ ಮುಖ್ಯ ನ್ಯಾಯಾಧೀಶರಾದ ಮೊದಲ ಮಹಿಳೆ ಅವರು. ಹೆತ್ತವರು ಹುಡುಕಿದ ಮದುವೆಗಳೆಲ್ಲ ಹೀಗಾಗುತ್ತವೆಂದು ಇದರಿಂದ ಸಿದ್ಧವಾಗುವುದಿಲ್ಲ. ಬೂಟಿನ ಕಂಪನಿಯವನನ್ನು ಕೈಹಿಡಿದವಳ ಬದುಕು ಮುಗಿಯಿತೆಂಬ ತೀರ್ಪು ಮಾತ್ರ ನಿಲ್ಲುವುದಿಲ್ಲ. ಕಾದಂಬರಿಕಾರರು ಆ ಓದಿನ ಹಂಬಲವನ್ನು ಲತಾಳಿಗೆ ಕೊಡದೆ ಅಕ್ಕ ಸವಿತಾಳಿಗೆ ಕೊಟ್ಟಿದ್ದಾರೆ. ಅಷ್ಟಾಗಿ ಪರಿಚಯವೂ ಇಲ್ಲದ ಪ್ರಾಣ್ ಕಪೂರನನ್ನು ತಾಯಿಯ ಮಾತಿನಂತೆ ಮದುವೆಯಾದವಳು ಆಕೆ; ಗಂಡ ಕಾಯಿಲೆಬಿದ್ದಾಗ, ನಾಳೆಯ ಗತಿಯೇನೆಂದು ಯೋಚಿಸಿ, ಬಸುರಿಯಾಗಿದ್ದಾಗಲೇ ಕಾನೂನಿನ ಪುಸ್ತಕ ತೆರೆದು ಕುಳಿತವಳು. ಲತಾಳ ಮೂವರು ವರರನ್ನು ಕುರಿತು ತಿಂಗಳುಗಟ್ಟಲೆ ವಾದಿಸಿದ ಪ್ರೇಕ್ಷಕರಲ್ಲಿ ಈ ಸವಿತಾಳನ್ನು ನೆನೆದವರು ವಿರಳ.