ತತ್ರೀಜ್: ಸೂಜಿ ಹಿಡಿದವಳ ಮಾತು ನಡೆಯಲಿ

ಪ್ಯಾಲೆಸ್ತೀನಿನ ಕಸೂತಿ ತತ್ರೀಜ್ 2021ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಸಲ್ಲಬೇಕಾದ ಮನ್ನಣೆಯೇ ಅದು. ಆದರೆ ಪರಂಪರೆ ಎಂದೊಡನೆ ಒಂದು ವಾದವೂ ತಲೆಯೆತ್ತುತ್ತದೆ: 1948ರಲ್ಲಿ ಜನ ನೆಲೆ ಕಳೆದುಕೊಳ್ಳುವ ಮೊದಲು ಹೊಲಿದದ್ದೇ ಅಸಲಿ, ಆಮೇಲಿನದೆಲ್ಲ ಕಲಬೆರಕೆ. ಇದನ್ನು ಒಪ್ಪಲಾಗದು.

ಹಳ್ಳಿಯ ಹೆಂಗಸರು ತೊಡುತ್ತಿದ್ದ ಉದ್ದನೆಯ ಉಡುಪು ‘ಥೋಬ್’ ಕಣ್ಣು ತುಂಬುವಂಥದ್ದು, ನಿಜ. ಬೆತ್ಲೆಹೇಮಿನವರು ಅದರ ಎದೆಪಟ್ಟಿಯ ಮೇಲೆ ಚಿನ್ನ, ಬೆಳ್ಳಿಯ ಬಣ್ಣದ ಹುರಿಯನ್ನು ಬಳ್ಳಿಯಂತೆ ಹಾಯಿಸಿ, ಸಣ್ಣ ಹೊಲಿಗೆಗಳಿಂದ ಹಿಡಿದು ನಿಲ್ಲಿಸುತ್ತಿದ್ದರು. ರಾಮಲ್ಲಾದಲ್ಲಿ ಬಿಳಿ ಬಟ್ಟೆಯ ಮೇಲೆ ಕೆಂಪು ರೇಷ್ಮೆಯ ಅಡ್ಡಹೊಲಿಗೆ. ದಕ್ಷಿಣದ ಬೆದೂಯಿನ್ ವಿಧವೆಯರಿಗೆ ನೀಲಿ ಕಸೂತಿ. ಮರುಮದುವೆಯಾದರೆ ನೀಲಿಯ ಜೊತೆಗೆ ಕೆಂಪು. ಹೀಗೆ ಊರು, ಬದುಕಿನ ಘಟ್ಟ ಎಲ್ಲವೂ ಉಡುಪಿನಲ್ಲೇ ಕಾಣುತ್ತಿತ್ತು.

ಆದರೆ ಆಗಲೂ ಅದು ನಿಂತ ನೀರಾಗಿರಲಿಲ್ಲ. 1930ರ ದಶಕದ ಹೊತ್ತಿಗೆ ಫ್ರಾನ್ಸಿನ ಡಿಎಂಸಿ ಕಂಪನಿಯ ದಾರವೂ ಅದರ ನಕ್ಷೆ ಪುಸ್ತಕಗಳೂ ಬಳಕೆಗೆ ಬಂದಿದ್ದವು. ಯುರೋಪಿನ ಹೂ, ಹಕ್ಕಿಗಳು ಸೈಪ್ರೆಸ್ ಮರದ ಹಳೆಯ ನಕ್ಷೆಯ ಪಕ್ಕದಲ್ಲಿ ಬಂದು ಕೂತವು. ಇಂದು ‘ಅಪ್ಪಟ’ ಎನ್ನುವ ಎಷ್ಟೋ ಥೋಬ್‌ಗಳಲ್ಲಿ ಆ ಹೂಗಳೂ ಇವೆ.

1948ರ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ನೆಲೆ ಕಳೆದುಕೊಂಡರು. ನಿರಾಶ್ರಿತರ ಶಿಬಿರಗಳಲ್ಲಿ ಬೇರೆ ಬೇರೆ ಹಳ್ಳಿಗಳ ಹೆಂಗಸರು ಅಕ್ಕಪಕ್ಕದವರಾದರು, ನಕ್ಷೆಗಳು ಬೆರೆತವು. ಮುಂದೆ 1987ರಲ್ಲಿ ಇಸ್ರೇಲಿನ ಆಕ್ರಮಣದ ವಿರುದ್ಧ ಮೊದಲ ಇಂತಿಫಾದ, ಅಂದರೆ ಜನರ ದಂಗೆ, ಶುರುವಾದಾಗ, ಆಕ್ರಮಿತ ಪ್ರದೇಶದಲ್ಲಿ ಪ್ಯಾಲೆಸ್ತೀನಿನ ಬಾವುಟ ಹಾರಿಸಲು ಇಸ್ರೇಲ್ ಬಿಡುತ್ತಿರಲಿಲ್ಲ. ಹೆಂಗಸರು ಅದರ ಕೆಂಪು, ಹಸಿರು, ಕಪ್ಪು, ಬಿಳಿ ಬಣ್ಣಗಳನ್ನು ಥೋಬ್‌ಗೇ ಹೊಲಿದರು. ನಾಡಿನ ಭೂಪಟವನ್ನೂ ಹೊಲಿದರು. ತತ್ರೀಜ್‌ನ ಅತ್ಯುತ್ತಮ ಘಟ್ಟ ಇದೇ ಎನ್ನುತ್ತೇನೆ. ಇದು ಬಟ್ಟೆಗೆ ಅಂಟಿಸಿದ ಘೋಷಣೆಯಲ್ಲ. ಹೊಸ ಸಂಗತಿಯನ್ನು ಹಳೆಯ ಅಡ್ಡಹೊಲಿಗೆಯ ಶಿಸ್ತಿಗೇ ಒಗ್ಗಿಸಿ, ತೊಡುವ ಉಡುಪಾಗಿಯೇ ಉಳಿಸಿಕೊಂಡ ಕಲೆ.

ನನಗೆ ಸಪ್ಪೆ ಎನಿಸುವುದು ಬೇರೆಯದು. ಕಸೂತಿಯ ನಕ್ಷೆಯನ್ನು ಬಟ್ಟೆಗೆ ಅಚ್ಚು ಹಾಕಿ ಮಾರುವ ಸರಕಿನಲ್ಲಿ ಸೂಜಿಯೂ ಇಲ್ಲ, ಕೈಯೂ ಇಲ್ಲ. ಬೇಡಿಕೆಗೆ ತಕ್ಕಂತೆ ತಯಾರಾಗುವ ದಿಂಬಿನ ಚೀಲಗಳಲ್ಲಿ ಕೈಯೇನೋ ಇರುತ್ತದೆ. ಬಣ್ಣ, ನಕ್ಷೆಗಳನ್ನು ಮಾತ್ರ ಎಷ್ಟೋ ಸಲ ಬೇರೆಯವರು ಗೊತ್ತುಮಾಡುತ್ತಾರೆ. ಹಾಗೆಂದು ಆ ದುಡಿಮೆಯನ್ನು ಹಗುರವಾಗಿ ಕಾಣುವಂತಿಲ್ಲ. ಲೆಬನಾನಿನಲ್ಲಿ 1969ರಲ್ಲಿ ಹುಟ್ಟಿದ ಇನಾಶ್‌ನಂಥ ಸಂಸ್ಥೆಗಳು ಶಿಬಿರದ ಹೆಂಗಸರ ಕೈಗೆ ಸಂಪಾದನೆ ಕೊಟ್ಟಿವೆ, ಕೌಶಲವನ್ನೂ ಉಳಿಸಿವೆ.

ಆದ್ದರಿಂದ ತತ್ರೀಜ್‌ನ ಬೆಲೆ ಕಟ್ಟಲು ಅದರ ವಯಸ್ಸು ಅಳತೆಗೋಲಾಗಬಾರದು. ಏನು ಹೊಲಿಯಬೇಕೆಂಬ ತೀರ್ಮಾನ ಹೊಲಿಯುವವಳದಾಗಿದೆಯೇ ಎಂಬುದೇ ಮುಖ್ಯ. ಕೊಳ್ಳುವವರು ಬಟ್ಟೆ ಎಷ್ಟು ಹಳೆಯದು ಎಂದು ವಿಚಾರಿಸುವ ಮೊದಲು ಹೊಲಿದವರು ಯಾರು, ಅವರಿಗೆ ಕೂಲಿ ಎಷ್ಟು ಸಿಕ್ಕಿತು ಎಂದು ಕೇಳಲಿ.