ಪ್ಲಿಂಪ್ಟನ್ ೩೨೨: ಷಷ್ಟಿಮಾನ ಗಣನೆಯೂ ತ್ರಿಕೋನಮಿತಿಯ ವಾದವೂ

ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿರುವ ‘ಪ್ಲಿಂಪ್ಟನ್ ೩೨೨’ ಎಂಬ ಮೃತ್ಫಲಕವು ದಕ್ಷಿಣ ಮೆಸೊಪೊಟೇಮಿಯಾದ ಲಾರ್ಸಾ ನಗರದ್ದೆಂದೂ ಕ್ರಿ.ಪೂ. ೧೮೦೦ರ ಆಸುಪಾಸಿನದೆಂದೂ ವಿದ್ವಾಂಸರು ನಿರ್ಣಯಿಸಿದ್ದಾರೆ. ಅದರಲ್ಲಿ ೪ ಸ್ತಂಭಗಳೂ ೧೫ ಸಾಲುಗಳೂ ಉಳಿದಿವೆ. ಈ ಅಂಕಿಗಳು ಲಂಬಕೋನ ತ್ರಿಭುಜಗಳಿಗೆ ಸಂಬಂಧಿಸಿದವೆಂಬುದನ್ನು ೧೯೪೫ರಲ್ಲಿ ನಾಯ್ಗೆಬಾವರ್ ಮತ್ತು ಸ್ಯಾಕ್ಸ್ ಅವರು ಪ್ರಕಟಪಡಿಸಿದರು. ೨೦೧೭ರಲ್ಲಿ ಮ್ಯಾನ್ಸ್‌ಫೀಲ್ಡ್ ಮತ್ತು ವೈಲ್ಡ್‌ಬರ್ಗರ್ ಅವರು, ಇದು ಕೋನಗಳ ಹಂಗಿಲ್ಲದ, ಸಂಪೂರ್ಣ ನಿಖರವಾದ ತ್ರಿಕೋನಮಿತಿಯ ಕೋಷ್ಟಕವೆಂದು ವಾದಿಸಿದರು. ಈ ವಾದದ ಬಲಾಬಲವನ್ನು ಪರಿಶೀಲಿಸುವುದೇ ಇಲ್ಲಿಯ ಉದ್ದೇಶ.

ಮೊದಲು ‘ನಿಖರತೆ’ಯ ಮಾತು. ಪೂರ್ಣಾಂಕವೊಂದರ ವ್ಯುತ್ಕ್ರಮವು ಒಂದು ಮಾನದಲ್ಲಿ ಶೇಷವಿಲ್ಲದೆ ಮುಗಿಯಬೇಕಾದರೆ, ಆ ಪೂರ್ಣಾಂಕದ ಅವಿಭಾಜ್ಯ ಅಪವರ್ತನಗಳೆಲ್ಲವೂ ಮಾನದ ಮೂಲಸಂಖ್ಯೆಯ ಅಪವರ್ತನಗಳಾಗಿರಬೇಕು. ಹತ್ತಕ್ಕೆ ಅಂಥವು ೨ ಮತ್ತು ೫. ಅರುವತ್ತಕ್ಕೆ ೨, ೩ ಮತ್ತು ೫. ಆದುದರಿಂದ ೧ರಿಂದ ೬೦ರವರೆಗಿನ ಸಂಖ್ಯೆಗಳಲ್ಲಿ ದಶಮಾನದಲ್ಲಿ ೧೨ಕ್ಕೆ ಮಾತ್ರ ಮುಗಿಯುವ ವ್ಯುತ್ಕ್ರಮವುಂಟು; ಷಷ್ಟಿಮಾನದಲ್ಲಿ ೨೬ಕ್ಕೆ ಉಂಟು. ಅನುಕೂಲವು ದೊಡ್ಡದೇ, ಆದರೆ ಅದು ಪ್ರಮಾಣದ ಭೇದವೇ ಹೊರತು ಸ್ವರೂಪದ ಭೇದವಲ್ಲ. ೭ರ ವ್ಯುತ್ಕ್ರಮವು ಎರಡರಲ್ಲಿಯೂ ಮುಗಿಯದು. ಬ್ಯಾಬಿಲೋನಿಯಾದ ಲಿಪಿಕಾರರ ಸಾಮಾನ್ಯ ವ್ಯುತ್ಕ್ರಮ ಕೋಷ್ಟಕಗಳು ೭, ೧೧ ಮೊದಲಾದವನ್ನು ಬಿಟ್ಟೇ ಮುಂದುವರಿಯುತ್ತವೆ. ಎಂದರೆ ಫಲಕದ ನಿಖರತೆಯು ಬಹುಮಟ್ಟಿಗೆ ಸಂಖ್ಯೆಗಳ ಆಯ್ಕೆಯ ಫಲ.

ಎರಡನೆಯದು ‘ತ್ರಿಕೋನಮಿತಿ’ ಎಂಬ ಹೆಸರು. ಆರ್ಯಭಟನ ಜ್ಯಾಕೋಷ್ಟಕವು ೨೨೫ ಕಲೆಗಳ ಅಂತರದಲ್ಲಿ ೨೪ ಹಂತಗಳಾಗಿ ಸಾಗುತ್ತದೆ. ಅಲ್ಲಿ ಚಾಪವೇ ಪ್ರವೇಶದ್ವಾರ. ಕೋನದ ಬದಲು ಭುಜಗಳ ಅನುಪಾತವನ್ನೇ ಆ ಸ್ಥಾನದಲ್ಲಿಡಬಹುದೆಂಬುದು ೨೦೧೭ರ ಲೇಖಕರ ಉತ್ತರ. ಗಣಿತದ ದೃಷ್ಟಿಯಿಂದ ಇದು ಅಸಂಗತವಲ್ಲ. ಆದರೆ ಸಾಧ್ಯತೆಯು ಸಾಕ್ಷ್ಯವಾಗಲಾರದು. ಕೋಷ್ಟಕದ ಹೆಸರು ಅದರ ಬಳಕೆಯಿಂದ ನಿಶ್ಚಿತವಾಗಬೇಕು. ಫಲಕದ ಮೇಲಿರುವುದಾದರೋ ಅಂಕಿಗಳು ಮತ್ತು ಶೀರ್ಷಿಕೆಗಳು ಮಾತ್ರ.

ಇದಕ್ಕಿಂತ ಸರಳವೂ ಕಾಲೋಚಿತವೂ ಆದ ವಿವರಣೆಯನ್ನು ಎಲೀನರ್ ರಾಬ್ಸನ್ ಅವರು ೨೦೦೧ರಲ್ಲಿಯೇ ಬಲವಾಗಿ ಪ್ರತಿಪಾದಿಸಿದ್ದರು: ಇದು ವ್ಯುತ್ಕ್ರಮ ಜೋಡಿಗಳಿಂದ ರಚಿತವಾದ, ಪಾಠಶಾಲೆಯ ಲೆಕ್ಕಗಳ ಪರಂಪರೆಗೆ ಸೇರಿದ ಪಟ್ಟಿ. ಮೊದಲನೆಯ ಸಾಲನ್ನೇ ನೋಡಬಹುದು. ೧೪೪ ಮತ್ತು ೨೫ರ ಗುಣಲಬ್ಧ ೩೬೦೦, ಅರುವತ್ತರ ವರ್ಗ. ಆದುದರಿಂದ ಷಷ್ಟಿಮಾನದಲ್ಲಿ ಇವು ಪರಸ್ಪರ ವ್ಯುತ್ಕ್ರಮಗಳು. ಇವುಗಳ ಮೊತ್ತ ೧೬೯, ವ್ಯತ್ಯಾಸ ೧೧೯. ಫಲಕದಲ್ಲಿ ಕರ್ಣ ಮತ್ತು ಭುಜಗಳ ಸ್ಥಾನದಲ್ಲಿರುವ ಅಂಕಿಗಳು ಇವೇ. ಇನ್ನೊಂದು ಭುಜ ೧೨೦. ಹದಿಮೂರನೆಯ ಸಾಲಿನ ತಪ್ಪೂ ಗಮನಾರ್ಹ: ೧೬೧ ಇರಬೇಕಾದಲ್ಲಿ ಅದರ ವರ್ಗವಾದ ೨೫,೯೨೧ ಇದೆ. ವರ್ಗಗಳೊಡನೆ ಗಣಿಸುತ್ತಿದ್ದ ಲಿಪಿಕಾರನು ಮೂಲವನ್ನು ತೆಗೆಯಲು ಮರೆತನೆಂದು ತೋರುತ್ತದೆ. ಉದ್ದೇಶವು ಏನೇ ಇರಲಿ, ಅವನ ಕೈ ನಡೆದ ದಾರಿ ಇಲ್ಲಿ ಕಾಣುತ್ತದೆ.

೨೦೧೭ರ ಲೇಖನವು ಷಷ್ಟಿಮಾನದ ಗುಣಗಳತ್ತ ಮತ್ತೆ ಗಮನ ಸೆಳೆದುದು ಉಪಕಾರವೇ. ಆದರೆ ಪ್ರಾಚೀನರು ನಮಗಿಂತ ಮುಂದಿದ್ದರೆಂದು ಹೊಗಳುವಾಗಲೂ ನಾವು ಅವರನ್ನು ನಮ್ಮ ಅಳತೆಗೋಲಿನಿಂದಲೇ ಅಳೆಯುತ್ತಿರುತ್ತೇವೆ. ನಮ್ಮ ದೇಶದ ಗಣಿತವನ್ನು ಕುರಿತು ಬರೆಯುವವರಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಲಿಪಿಕಾರನು ಏನನ್ನು ಮಾಡುತ್ತಿದ್ದನೆಂಬ ಪ್ರಶ್ನೆಯೇ ಮೊದಲು ಬರತಕ್ಕದ್ದು. ಅದು ನಮಗೆ ಏನಾಗಿ ಕಾಣುತ್ತದೆಂಬುದು ಅನಂತರದ ಮಾತು.